ಕಾಸರಗೋಡಲ್ಲೇ ಒಳ್ಳೆ ಅಕ್ರಿಲಿಕ್ ಪ್ಲೇಟ್ ಮಾಡುವ ಲ್ಯಾಬ್ ಉಂಟು

ಹೊಸ ಬಸ್ ಸ್ಟ್ಯಾಂಡ್ ಹತ್ರದ ಸಣ್ಣ ಡೆಂಟಲ್ ಲ್ಯಾಬ್ ಇದು. ಬದಿಯಡ್ಕದ ನಮ್ಮ ಕ್ಲಿನಿಕ್‌ನ ಹಾಲಿ (Hawley) ರಿಟೈನರ್ (ಸರಿ ಮಾಡಿದ ಹಲ್ಲು ಮತ್ತೆ ಜರುಗದ ಹಾಗೆ ಹಿಡಿಯುವ ಪ್ಲೇಟ್), ಮಕ್ಕಳ ದವಡೆ ಅಗಲ ಮಾಡುವ ಎಕ್ಸ್‌ಪಾನ್ಶನ್ ಪ್ಲೇಟ್ ಎಲ್ಲ ಈಗ ಇಲ್ಲಿಗೇ ಕೊಡುದು. ನಮ್ಮ ಕಡೆ ಡಾಕ್ಟರುಗಳು ಇಂಥದ್ದಕ್ಕೆಲ್ಲ ಮಂಗಳೂರಿಗೇ ಕಳಿಸ್ತಾರೆ, ಅದರ ಅಗತ್ಯ ಇಲ್ಲ ಅಂತ ಹೇಳ್ಲಿಕ್ಕೇ ಬರಿತಾ ಇದ್ದೇನೆ.

ಒಮ್ಮೆ ಹೋಗಿ ಕೂತು ನೋಡಿದೆ. ಮುಂದಿನ ಹಲ್ಲಿನ ಮೇಲೆ ಬರುವ ಲೇಬಿಯಲ್ ಬೋ, ದವಡೆ ಹಲ್ಲನ್ನು ಹಿಡಿಯುವ ಆಡಮ್ಸ್ ಕ್ಲಾಸ್ಪ್ ಎರಡಕ್ಕೂ 0.7 ಎಂಎಂ ಸ್ಟೀಲ್ ವಯರ್, ಬಗ್ಗಿಸಿದಲ್ಲಿ ಪ್ಲೈಯರ್‌ನ ಗಾಯ ಇಲ್ಲ, ಗಾಯ ಇದ್ರೆ ಮತ್ತೆ ಅಲ್ಲಿಂದಲೇ ತುಂಡಾಗುದು. ವಯರನ್ನು ಮೇಣದಲ್ಲಿ ನಿಲ್ಲಿಸಿ, ಮಾಡೆಲನ್ನು (ಬಾಯಿಯ ಗಟ್ಟಿ ಪ್ರತಿರೂಪ) ನೀರಲ್ಲಿ ನೆನೆಸಿ, ಅಕ್ರಿಲಿಕ್ ಅಂಟದ ಹಾಗೆ ಕೋಲ್ಡ್ ಮೋಲ್ಡ್ ಸೀಲ್ ಹಚ್ಚಿ ಒಣಗಿದ ಮೇಲೆಯೇ ಅಕ್ರಿಲಿಕ್. ಪೌಡರ್ ಸ್ವಲ್ಪ ಉದುರಿಸುದು, ಮೇಲಿಂದ ಲಿಕ್ವಿಡ್ (ಮೊನೊಮರ್) ಹನಿ ಹನಿ ಬಿಡುದು, ಒಂದು ಬದಿ ಆದ್ಮೇಲೆ ಮಾಡೆಲ್ ವಾಲಿಸಿ ಇನ್ನೊಂದು ಬದಿ, ಇಲ್ಲದಿದ್ರೆ ಎಲ್ಲ ಹರಿದು ಅಂಗುಳದ ನಡುವೆ ಬಂದು ದಪ್ಪ ಆಗಿ ಮಗುವಿಗೆ ಮಾತಾಡ್ಲಿಕ್ಕೇ ಕಷ್ಟ. ಕೂಡಲೇ ಪ್ರೆಶರ್ ಪಾಟ್‌ಗೆ, ಬೆಚ್ಚಗಿನ ನೀರು, ಸುಮಾರು 2 ಬಾರ್ ಪ್ರೆಶರ್. ನನಗೆ ಇಷ್ಟ ಆದದ್ದು ಇದೇ. ಎಷ್ಟೋ ಕಡೆ ಬೆಂಚ್ ಮೇಲೆಯೇ ಗಟ್ಟಿಯಾಗ್ಲಿಕ್ಕೆ ಬಿಡ್ತಾರೆ, ಆ ಪ್ಲೇಟನ್ನು ಬೆಳಕಿಗೆ ಹಿಡಿದ್ರೆ ಒಳಗೆ ಸಣ್ಣ ಸಣ್ಣ ಗುಳ್ಳೆ, ಅದರಲ್ಲೇ ಕಲೆ ಕೂತು ವಾಸನೆ ಬರುದು. ಇವರ ಕ್ಲಿಯರ್ ಪ್ಲೇಟ್ ನಿಜವಾಗಿ ಕ್ಲಿಯರ್.

ಹೀಗೆ ಬೇಯಿಸದೆ ಗಟ್ಟಿ ಮಾಡುವ ಕೋಲ್ಡ್ ಕ್ಯೂರ್‌ನಲ್ಲಿ, ಬೇಯಿಸಿ ಗಟ್ಟಿ ಮಾಡುವ ಹೀಟ್ ಕ್ಯೂರ್‌ಗಿಂತ ಜಾಸ್ತಿ ಮೊನೊಮರ್ ಒಳಗೆ ಉಳಿತದೆ, ಹಾಗಾಗಿ ಪಾಲಿಶ್ ಆದ ಪ್ಲೇಟನ್ನು ಒಂದು ದಿನ ನೀರಲ್ಲಿಟ್ಟೇ ಕೊಡ್ತಾರೆ. ತಡ ಅಂತ ಅವಸರ ಮಾಡ್ಬೇಡಿ, ಮಗುವಿನ ಬಾಯಿ ಉರಿಯದೆ ಇರ್ಲಿ. ಫುಲ್ ಸೆಟ್ ಹಲ್ಲಿಗೂ ಹಾಗೆಯೇ, ಅವಸರ ಇಲ್ಲ, 74 ಡಿಗ್ರಿಯಲ್ಲಿ ರಾತ್ರಿಯಿಡೀ ಬೇಯಿಸ್ತಾರೆ. ಮೊನೊಮರ್ 100 ಡಿಗ್ರಿ ಹತ್ರ ಕುದಿತದೆ, ಬೇಗ ಆಗ್ಲಿ ಅಂತ ಸೀದಾ ಕುದಿಯುವ ನೀರಿಗೆ ಹಾಕಿದ್ರೆ ದಪ್ಪ ಇರುವಲ್ಲಿ ಒಳಗೆಲ್ಲ ತೂತು.

ಕೊರತೆ ಅಂದ್ರೆ ಕೆಳದವಡೆ ಪ್ಲೇಟು. ನಾಲಿಗೆ ಬದಿಯ ಒಳಕ್ಕೆ ಬಾಗಿದ ಜಾಗಕ್ಕೆ (ಅಂಡರ್‌ಕಟ್) ಮೇಣ ಸಾಕಷ್ಟು ತುಂಬುದಿಲ್ಲ, ಕೂರಿಸುವಾಗ ನಾನೇ ಗ್ರೈಂಡ್ ಮಾಡ್ಬೇಕಾಗ್ತದೆ, ಹೇಳಿದ್ದೇನೆ, ಇನ್ನೂ ಪೂರ್ತಿ ಸರಿ ಆಗ್ಲಿಲ್ಲ. ಫೋನ್ ಎತ್ತುದೂ ಕಡಿಮೆ, ವಾಟ್ಸಾಪ್ ಮಾಡಿದ್ರೆ ಮಾತ್ರ ವಯರ್ ಬಗ್ಗಿಸಿದ ಫೋಟೋ ಅಕ್ರಿಲಿಕ್ ಹಾಕುವ ಮೊದಲೇ ಕಳಿಸ್ತಾರೆ, ಅದು ಭಾರೀ ಉಪಕಾರ.

ಕೊಡುವವರು ಆಲ್ಜಿನೇಟ್ ಅಳತೆಯನ್ನು (ಬಾಯಿಯಿಂದ ತೆಗೆದ ಮೆತ್ತಗಿನ ಅಚ್ಚು) ಹಾಗೇ ಬಸ್ಸಲ್ಲಿ ಕಳಿಸ್ಬೇಡಿ, ದಾರಿಯಲ್ಲೇ ಒಣಗಿ ಕುಗ್ತದೆ. ಕ್ಲಿನಿಕ್‌ನಲ್ಲೇ ಡೆಂಟಲ್ ಸ್ಟೋನ್‌ನಲ್ಲಿ (ಗಟ್ಟಿ ಜಿಪ್ಸಮ್) ಮಾಡೆಲ್ ಹಾಕಿ ಕೊಡಿ.