‘ನಾವು’ ಅಂದರೆ ಯಾರ್ಯಾರು? ‘ಘಾಚರ್ ಘೋಚರ್’ ಓದುವವರಿಗೆ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಹೆಗ್ಗೋಡಿನ ಅಕ್ಷರ ಪ್ರಕಾಶನದಿಂದ ಬಂತು. ಕಾದಂಬರಿ ಅಂದುಕೊಂಡು ಕೊಳ್ಳುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಕನ್ನಡದ ಪುಸ್ತಕ ಕಥಾಸಂಕಲನ, ಆ ಹೆಸರಿನ ನೀಳ್ಗತೆ ಅದರಲ್ಲೊಂದು. ಅದನ್ನಷ್ಟೇ ಎತ್ತಿ ಬಿಡಿ ಪುಸ್ತಕ ಮಾಡಿದ್ದು ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದ. ಇಲ್ಲಿನ ಮಾತೆಲ್ಲ ಆ ನೀಳ್ಗತೆಯ ಬಗ್ಗೆ. ಕೊನೆಯ ಸಾಲನ್ನು ಬಿಟ್ಟುಕೊಡದೆ ಇದರ ಹೆಣಿಗೆಯನ್ನು ತೋರಿಸಲು ಆಗುವುದಿಲ್ಲ. ಓದಿಲ್ಲದವರು ಮೊದಲು ಓದಿ ಬನ್ನಿ, ಒಂದು ಮಧ್ಯಾಹ್ನ ಸಾಕು.

ಕಥೆ ಬೆಂಗಳೂರಿನದು. ಹೆಸರು ಹೇಳಿಕೊಳ್ಳದ ಯುವಕನೊಬ್ಬ ಕಾಫಿ ಹೌಸಿನಲ್ಲಿ ಕೂತಿದ್ದಾನೆ. ತವರಿಗೆ ಹೋದ ಹೆಂಡತಿ ಅನಿತಾ ಇನ್ನೂ ಬಂದಿಲ್ಲ. ಅಪ್ಪ ಹಿಂದೆ ಚಹಾಪುಡಿ ಕಂಪನಿಯ ಸೇಲ್ಸ್‌ಮನ್. ಆ ಕೆಲಸ ಹೋದ ಮೇಲೆ ಚಿಕ್ಕಪ್ಪ ಸೋನಾ ಮಸಾಲಾ ಶುರುಮಾಡಿ ಮನೆಯನ್ನು ಎತ್ತಿ ನಿಲ್ಲಿಸಿದ್ದಾನೆ. ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು ಕೋಣೆ ಇದ್ದ ಹಳೇ ಮನೆಯಿಂದ ದೊಡ್ಡ ಮನೆಗೆ ಬಂದದ್ದಾಗಿದೆ. ಅಮ್ಮ, ಗಂಡನನ್ನು ಬಿಟ್ಟು ಬಂದ ಅಕ್ಕ ಮಾಲತಿ, ಹೆಸರಿಗಷ್ಟೇ ಡೈರೆಕ್ಟರ್ ಆಗಿ ಸಂಬಳ ಎಣಿಸುವ ನಮ್ಮ ನಿರೂಪಕ. ಕಥಾಸಾರ ಇಷ್ಟೇ, ಇದರಲ್ಲಿ ವಿಶೇಷವೇನೂ ಇಲ್ಲ. ವಿಶೇಷ ಇರುವುದು ಹೇಳುವ ಬಾಯಿಯಲ್ಲಿ.

ಆ ಬಾಯಿ ‘ನಾನು’ ಎಂದು ಶುರುಮಾಡಿ ‘ನಾವು’ ಎನ್ನುವುದರ ಹಿಂದೆ ಅಡಗುತ್ತದೆ. ಇದು ಕನ್ನಡದಲ್ಲಿ ಎಷ್ಟು ಸಲೀಸೆಂದರೆ, ಸರ್ವನಾಮವೇ ಬೇಡ, ಕ್ರಿಯಾಪದದ ತುದಿಯ ‘-ಎವು’ ಒಂದೇ ಸಾಕು. ‘ಸುಮ್ಮನಿದ್ದೆವು’ ಅಂದರೆ ಮುಗಿಯಿತು, ಯಾರು ಸುಮ್ಮನಿದ್ದರು ಎಂದು ಕೇಳುವ ಹೊತ್ತಿಗೆ ವಾಕ್ಯ ಮುಂದೆ ಹೋಗಿರುತ್ತದೆ. ಇಂಗ್ಲಿಷಿನಲ್ಲಿ ಆ ಪದ ವಾಕ್ಯದ ಬಾಗಿಲಲ್ಲೇ ನಿಂತಿರಬೇಕು, ಕಣ್ಣಿಗೆ ಬೀಳುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ತಮಿಳು, ತೆಲುಗಿನಲ್ಲಿ ಕೇಳುವವರನ್ನು ಸೇರಿಸಿಕೊಂಡ ‘ನಾವು’ ಬೇರೆ, ಬಿಟ್ಟು ಹೇಳುವ ‘ನಾವು’ ಬೇರೆ. ನಮ್ಮ ಆಡುಗನ್ನಡದಲ್ಲಿ ಆ ಭೇದ ಇಲ್ಲ. ಹಾಗಾಗಿ ಈ ನಿರೂಪಕ ‘ನಾವು’ ಅಂದಾಗಲೆಲ್ಲ ಓದುವವನೂ ಸದ್ದಿಲ್ಲದೆ ಆ ಮನೆಯ ಊಟದ ಮೇಜಿಗೆ ಬಂದು ಕೂತುಬಿಡುತ್ತಾನೆ. ಮನೆಯವರ ಜೋಕಿಗೆ ನಕ್ಕಿರುತ್ತಾನೆ, ಅವರ ಲೆಕ್ಕಾಚಾರಕ್ಕೆ ತಲೆದೂಗಿರುತ್ತಾನೆ. ಅನಿತಾ ಮಾತ್ರ ಆ ‘ನಾವು’ ಒಳಗೆ ಕಾಲಿಡುವುದೂ ಇಲ್ಲ, ಅವಳನ್ನು ಕರೆಯುವುದೂ ಇಲ್ಲ. ನನ್ನ ಮಟ್ಟಿಗೆ ಇಡೀ ಕಥೆಯ ಅರ್ಥ ತಿರುಗುವ ಕೀಲು ಇದೇ. ವಿಮರ್ಶೆಗಳಲ್ಲಿ ಕಥೆಯ ಹಳೇ ಮನೆಗೆ ಮುತ್ತುವ ಇರುವೆಯ ಬಗ್ಗೆ ಸಿಗುವಷ್ಟು ಮಾತು ಇದರ ಬಗ್ಗೆ ಸಿಗುವುದಿಲ್ಲ.

ಸಂಬಂಧವಾಚಕಗಳೂ ಇದೇ ಕೆಲಸಕ್ಕೆ ನಿಂತಿವೆ. ಅಪ್ಪ, ಅಮ್ಮ, ಚಿಕ್ಕಪ್ಪ: ಇವು ಮನೆಯೊಳಗಿನ ಸ್ಥಾನಗಳು, ಅದರಾಚೆ ಇವರಿಗೆ ಮುಖವಿಲ್ಲ. ಹೊರಗಿನ ಹೆಂಗಸೊಬ್ಬಳು ಮಸೂರ್ ಬೇಳೆಯ ಅಡುಗೆ ಮಾಡಿಕೊಂಡು ಚಿಕ್ಕಪ್ಪನನ್ನು ಹುಡುಕಿ ಬಾಗಿಲಿಗೆ ಬರುವ ಪ್ರಸಂಗ ಇದೆಯಲ್ಲ, ಅಲ್ಲಿ ಮೊದಲ ಸಲ ಚಿಕ್ಕಪ್ಪನಿಗೆ ಮನೆಯಾಚೆಗೊಂದು ಬದುಕು ಇದ್ದಿರಬಹುದು ಎಂದು ಹೊಳೆಯುತ್ತದೆ. ಅಮ್ಮ, ಮಾಲತಿ ಬೈದು ಅಟ್ಟುತ್ತಾರೆ. ಮಸಾಲೆ ಮಾರಿ ಬದುಕುವ ಮನೆ, ಅಡುಗೆ ಹೊತ್ತು ತಂದವಳನ್ನು ಹೊಸ್ತಿಲಲ್ಲೇ ತಡೆಯುತ್ತದೆ. ವ್ಯಂಗ್ಯ ಎಂದರೆ ಇದು. ಲೇಖಕರು ಅದರ ಮೇಲೆ ಒಂದು ವಿಶೇಷಣವನ್ನೂ ಖರ್ಚು ಮಾಡಿಲ್ಲ, ಬೇಳೆಯ ಹೆಸರು ಹೇಳಿ ಸುಮ್ಮನಾಗಿದ್ದಾರೆ.

ಇನ್ನು ಶೀರ್ಷಿಕೆ. ನಮ್ಮ ಕಾವ್ಯಶಾಸ್ತ್ರ ಶಬ್ದಕ್ಕೆ ಮೂರು ಶಕ್ತಿ ಹೇಳುತ್ತದೆ: ನೇರ ಅರ್ಥ ಕೊಡುವ ಅಭಿಧಾ, ಅದು ಹೊಂದದಾಗ ಪಕ್ಕದ ಅರ್ಥ ಹಿಡಿಸುವ ಲಕ್ಷಣಾ, ಹೇಳದೆ ಹೊಳೆಯಿಸುವ ವ್ಯಂಜನಾ. ‘ಗಂಗೆಯ ಮೇಲೊಂದು ಹಟ್ಟಿ’ ಎಂಬ ಹಳೇ ಉದಾಹರಣೆಯಲ್ಲಿ ನೇರ ಅರ್ಥ ಮುರಿದುಬಿದ್ದು ‘ದಡದಲ್ಲಿ’ ಎಂದಾಗುತ್ತದೆ, ಅದರ ಹಿಂದಿನಿಂದ ತಂಪು, ಪಾವಿತ್ರ್ಯ ಸುಳಿಯುತ್ತವೆ. ‘ಘಾಚರ್ ಘೋಚರ್’ಗೆ ಮುರಿದುಬೀಳಲು ಅಭಿಧೆಯೇ ಇಲ್ಲ. ಯಾವ ನಿಘಂಟಿನಲ್ಲೂ ಇಲ್ಲದ ಈ ಪದ ಅನಿತಾಳ ತವರಿನಲ್ಲಿ ಹುಟ್ಟಿದ್ದು: ಗಾಳಿಪಟದ ದಾರ ಸಿಕ್ಕು ಬಿದ್ದಾಗ ಅವಳ ತಮ್ಮನ ಬಾಯಿಂದ ಬಂದದ್ದು. ಊಟಿಯಲ್ಲಿ ಹನಿಮೂನಿನ ರಾತ್ರಿ ಬಿಚ್ಚಲಾರದ ಲಾಡಿಯ ಗಂಟಿಗೆ ಆ ಪದ ದಾಟುತ್ತದೆ. ಗಂಡನಿಗೂ ಅದು ಗೊತ್ತಾಗುತ್ತದೆ. ಆಮೇಲೆ ಸಂಬಂಧಗಳಿಗೆ, ಮನೆಗೆ ಹರಡುತ್ತದೆ. ಓದುಗ ಇದನ್ನು ಮಗು ಮಾತು ಕಲಿತ ಹಾಗೆ ಬಳಕೆಯಿಂದಲೇ ಕಲಿಯುತ್ತಾನೆ. ದಾರದ ಸಿಕ್ಕಿನಲ್ಲಿ ಆಟ, ಲಾಡಿಯ ಗಂಟಿನಲ್ಲಿ ಒಲವು. ಕೊನೆಗೆ ಕುತ್ತಿಗೆಗೆ ಬಿದ್ದ ಹಗ್ಗ. ಪದ ಅದೇ, ಅರ್ಥ ಮಾತ್ರ ಪ್ರತಿ ಸಲವೂ ಭಾರವಾಗುತ್ತ ಹೋಗುತ್ತದೆ.

ಸದ್ದನ್ನೂ ಗಮನಿಸಿ. ಗಜಿಬಿಜಿ, ಕಲಸುಮೇಲೋಗರ ಎಂಬ ನಮ್ಮ ಪದಗಳು ಸ್ವರದಲ್ಲಿ ಮುಗಿದು ಬಾಯಿಗೆ ಹಗುರಾಗುತ್ತವೆ. ಘಾಚರ್ ಘೋಚರ್‌ನಲ್ಲಿ ಅಚ್ಚಗನ್ನಡದಲ್ಲಿ ಅಪರೂಪವಾದ ಮಹಾಪ್ರಾಣ ಎರಡು ಸಲ, ಕೊನೆಗೆ ಎರಡೂ ಕಡೆ ಅರ್ಧಕ್ಕೆ ನಿಂತ ‘ರ್’. ನಾಲಿಗೆಯಲ್ಲೇ ಗಂಟು ಬೀಳುತ್ತದೆ. ‘ಗೋಚರ’ ಎಂಬ ಪದದ ನೆರಳೂ ಕಿವಿಗೆ ತಾಕುತ್ತದೆ, ಕಂಡೂ ಕಾಣದ ಹಾಗಿರುವ ಮನೆಗೆ ಒಪ್ಪುವ ನೆರಳು. ಲೇಖಕರು ಬೇಕೆಂದೇ ಇಟ್ಟರೋ ಇಲ್ಲವೋ, ಕನ್ನಡದ ಕಿವಿ ಅದನ್ನು ಕೇಳಿಸಿಕೊಳ್ಳುತ್ತದೆ.

ಇರುವೆಗಳಿಗೆ ಬರೋಣ. ಓದುಗರು ಹೆಚ್ಚಾಗಿ ಎಡವುವುದು ಇಲ್ಲೇ. ಹಳೇ ಮನೆಗೆ ಇರುವೆ ಮುತ್ತುತ್ತವೆ, ಅಮ್ಮ ಅವುಗಳ ಮೇಲೆ ಯುದ್ಧ ಹೂಡುತ್ತಾಳೆ, ಸಿಕ್ಕಲ್ಲಿ ಹೊಸಕುವುದು ಮನೆಯ ರೂಢಿಯಾಗುತ್ತದೆ. ಪರೀಕ್ಷೆಯ ಉತ್ತರದ ಧಾಟಿಯಲ್ಲಿ ‘ಇರುವೆ ಎಂದರೆ ಅನಿತಾ, ಹೊರಗಿನವಳು’ ಎಂದು ಬರೆದು ಕೆಳಗೆ ಗೆರೆ ಎಳೆದರೆ ಸಂಕೇತ ಅಲ್ಲೇ ಸತ್ತುಹೋಗುತ್ತದೆ. ಯಾಕೆಂದರೆ ಸಾಲುಗಟ್ಟಿ ನಡೆಯುವ, ಸಿಹಿ ಇದ್ದಲ್ಲಿ ಗುಂಪುಗೂಡುವ, ಒಂದಕ್ಕೆ ಕುತ್ತು ಬಂದರೆ ಎಲ್ಲವೂ ಮುತ್ತುವ ಪ್ರಾಣಿ ಈ ಕುಟುಂಬವೂ ಹೌದು. ಒಂದೇ ಪ್ರತಿಮೆ ಹೊಸಕುವವರಿಗೂ ಹೊಸಕಿಸಿಕೊಳ್ಳುವವರಿಗೂ ಸಲ್ಲುತ್ತದೆ. ಅದಕ್ಕಿಂತ ಮುಖ್ಯವಾದದ್ದು ಧ್ವನಿ: ಕೊಲ್ಲುವುದನ್ನು ಮನೆಗೆಲಸದ ಭಾಷೆಯಲ್ಲಿ, ಕಸ ಗುಡಿಸಿದಷ್ಟೇ ನಿರುಮ್ಮಳವಾಗಿ ಹೇಳಲಾಗಿದೆ. ಆ ಸ್ವರ ಕಿವಿಯಲ್ಲಿ ಉಳಿದಿದ್ದರೆ, ಕೊನೆಕೊನೆಗೆ ಮನೆಯವರ ಹರಟೆಯಲ್ಲಿ ಕೊಲೆಯ ಮಾತು ಸಲೀಸಾಗಿ ಬಂದಾಗ ಬೆನ್ನು ತಣ್ಣಗಾಗುತ್ತದೆ. ಇರುವೆಯ ಭಾಗ ಓದುಗನ ಮನಸ್ಸನ್ನು ಮೊದಲೇ ಒಗ್ಗಿಸಿಟ್ಟಿರುತ್ತದೆ.

ಕೊನೆಯಲ್ಲಿ ಕಾಫಿ ಹೌಸಿನಲ್ಲೇ ಗಾಜಿನ ಲೋಟ ಒಡೆಯುತ್ತದೆ. ಕೈ ತೊಳೆದುಕೊಳ್ಳಬೇಕು ಸಾರ್, ರಕ್ತ ಆಗಿದೆ ಎಂಬರ್ಥದ ಮಾತು ವೇಟರ್ ವಿನ್ಸೆಂಟ್‌ನ ಬಾಯಲ್ಲಿ ಬರುತ್ತದೆ. ಅಭಿಧೆಯಲ್ಲಿ ಅದು ವೇಟರ್ ಆಡುವ ಮಾಮೂಲಿ ಮಾತು. ವ್ಯಂಜನೆಯಲ್ಲಿ ‘ನಾವು’ ಒಡೆದು, ಅಡಗಿದ್ದ ‘ನಾನು’ ಒಬ್ಬನೇ ಕೈ ಮುಂದೆ ಮಾಡಿಕೊಂಡು ಕೂತಿದ್ದಾನೆ. ಏನಾಯಿತು ಎಂದು ಕಥೆ ಹೇಳುವುದಿಲ್ಲ. ಹೇಳದಿರುವುದೇ ಇಲ್ಲಿ ತಂತ್ರ.

ತಕರಾರು ಇಲ್ಲದೆ ಇಲ್ಲ. ವಿನ್ಸೆಂಟ್‌ನ ಒಗಟಿನಂಥ ಮಾತುಗಳು ಒಂದೆರಡು ಕಡೆ ತೀರಾ ಅನುಕೂಲಕ್ಕೆ ಬಂದಂತಿವೆ. ಲೇಖಕರಿಗೆ ಬೇಕಾದಾಗ ಕಾಫಿಯ ಜೊತೆ ಸೂಕ್ತಿಯೂ ಟೇಬಲ್ಲಿಗೆ ಬರುತ್ತದೆ. ನಿರೂಪಕನ ಹಳೇ ಗೆಳತಿ ಚಿತ್ರಾ ಕೂಡ ಪಾತ್ರವಾಗಿ ಬೆಳೆಯುವುದಕ್ಕಿಂತ ಹೆಚ್ಚಾಗಿ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿ ತರುವ ಕಿಟಕಿಯಾಗಿಯೇ ಉಳಿಯುತ್ತಾಳೆ. ದುಡ್ಡು ನಮ್ಮನ್ನು ಆಡಿಸುತ್ತದೆ ಎಂಬ ಆಶಯದ ಸಾಲನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಇಡೀ ಕಥೆಯಲ್ಲಿ ಅಷ್ಟು ಬಾಯಿಬಿಟ್ಟು ಹೇಳಿದ ಮಾತು ಇನ್ನೊಂದಿಲ್ಲ, ಹಾಗಾಗಿ ನನಗೆ ಅದೇ ತೆಳು ಅನ್ನಿಸುತ್ತದೆ. ಹಳೇ ಮನೆಯ ಹಣದ ಲೆಕ್ಕ, ಹೊಸ ಮನೆಯ ಬೇಡದ ಪೀಠೋಪಕರಣ ಅದನ್ನು ಆಗಲೇ ಹೇಳಿರುತ್ತವೆ.

ಓದುಬಳಗದಲ್ಲಿ ಅಥವಾ ತರಗತಿಯಲ್ಲಿ ಇಟ್ಟುಕೊಳ್ಳುವವರಿಗೆ ಒಂದು ಕ್ರಮ. ಮೊದಲ ಓದು ಪೆನ್ಸಿಲ್ ಇಲ್ಲದೆ, ಒಂದೇ ಬೀಸಿಗೆ ಆಗಲಿ. ಎರಡನೆಯ ಸಲ ಪೆನ್ಸಿಲ್ ಹಿಡಿದು ಎರಡೇ ಬಗೆಯ ಗುರುತು ಹಾಕಿ: ಕ್ರಿಯಾಪದ ‘-ಎವು’ಗೆ ತಿರುಗಿದ ಕಡೆಗೆಲ್ಲ ಒಂದು ಚುಕ್ಕೆ, ಶೀರ್ಷಿಕೆಯ ಪದ ಬಂದ ಕಡೆಗೆಲ್ಲ ಒಂದು ಸುತ್ತು. ಆಮೇಲೆ ಚುಕ್ಕೆ ದಟ್ಟವಾದ ಪುಟಗಳನ್ನು ಮಾತ್ರ ತೆಗೆದು, ಪ್ರತಿ ‘ನಾವು’ ಜಾಗದಲ್ಲಿ ‘ನಾನು’ ಇಟ್ಟು ಗಟ್ಟಿಯಾಗಿ ಓದಿ. ಅಟ್ಟಿದೆವು, ನಕ್ಕೆವು, ಸುಮ್ಮನಾದೆವು ಎಂಬಂಥವು ಏಕವಚನಕ್ಕೆ ಬಂದ ಕೂಡಲೇ ಎಷ್ಟು ಅಸಹ್ಯವಾಗಿ ಕೇಳಿಸುತ್ತವೆ ನೋಡಿ. ಇರುವೆಯ ಚರ್ಚೆಯನ್ನು ಇದಾದ ಮೇಲೆ ಎತ್ತಿಕೊಳ್ಳಿ. ಮೊದಲೇ ಎತ್ತಿದರೆ ಬಳಗದ ಎಲ್ಲರೂ ಸಂಕೇತ ಹೆಕ್ಕಲು ಕೂರುತ್ತಾರೆ, ವಾಕ್ಯಗಳನ್ನು ಯಾರೂ ನೋಡುವುದಿಲ್ಲ.

ಅನುವಾದ ಸೊಗಸಾಗಿದೆ, ವಾಕ್ಯಗಳು ಚುರುಕಾಗಿವೆ. ಆದರೆ ಎರಡೂ ಕೈಯಲ್ಲಿದ್ದರೆ ಕನ್ನಡವನ್ನೇ ಮೊದಲು ಓದಿ. ಕ್ರಿಯಾಪದದ ತುದಿಯಲ್ಲಿ ಆ ಮನೆಯವರೆಲ್ಲ ಹೇಗೆ ಬಚ್ಚಿಟ್ಟುಕೊಂಡಿದ್ದಾರೆ ಎಂಬುದು ಅಲ್ಲಿ ಮಾತ್ರ ಕಾಣುತ್ತದೆ.