ಆಗಮನ ಕಾಲ ಮನೆಯಲ್ಲಿ: ರೀತ್, ಕ್ಯಾಲೆಂಡರ್, ಇಷಯನ ಮರ, ರಾಗಿ ಪೈರು

ನವೆಂಬರ್ ಮುಗಿಯುವ ಮೊದಲೇ ಬೆಂಗಳೂರಿನ ಅಂಗಡಿಗಳಿಗೆ ಕ್ರಿಸ್‌ಮಸ್ ಬಂದುಬಿಡುತ್ತದೆ. ನಕ್ಷತ್ರ, ಪ್ಲಮ್ ಕೇಕ್, ಜಗಮಗಿಸುವ ಲೈಟು ಎಲ್ಲವೂ ತಯಾರು. ಚರ್ಚಿನಲ್ಲಿ ಮಾತ್ರ ಅದಿನ್ನೂ ಆಗಮನ ಕಾಲ (ಆಡ್ವೆಂಟ್), ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವ ಕಾಲ. ಗುರುಗಳು ನೇರಳೆ ಉಡುಪು ತೊಟ್ಟು "ಎಚ್ಚರವಾಗಿರಿ, ಕಾಯುತ್ತಿರಿ" ಎನ್ನುತ್ತಾರೆ. ಈ ಕಾಯುವಿಕೆ ಮಕ್ಕಳಿಗೆ ಮನೆಯಲ್ಲೇ ಸಿಗಬೇಕು ಎಂಬ ಆಸೆಯಿಂದ ನಾವು ಒಂದೊಂದು ವರ್ಷ ಒಂದೊಂದು ಪದ್ಧತಿ ಮಾಡಿ ನೋಡಿದ್ದೇವೆ. ನಾನು ಅಳೆಯುವುದು ಒಂದೇ ಮಾತಿನಲ್ಲಿ: ಇದರಿಂದ ಮಕ್ಕಳು ಕಾಯುವುದನ್ನು ಕಲಿತರೋ, ಇಲ್ಲವೋ?

ಹಾಗೆ ನೋಡಿದರೆ ಚಾಕೊಲೇಟ್ ಕ್ಯಾಲೆಂಡರಿಗೆ ಕಡೆಯ ಸ್ಥಾನ. ದಿನಕ್ಕೊಂದು ಕಿಟಕಿ ತೆರೆಯುವ ಈ ಕ್ಯಾಲೆಂಡರನ್ನು ಅಚ್ಚು ಹಾಕಿಸಿ ಜನಪ್ರಿಯ ಮಾಡಿದವರಲ್ಲಿ ಮ್ಯೂನಿಕ್‌ನ ಗೆರ್ಹಾರ್ಡ್ ಲಾಂಗ್ ಮುಖ್ಯರು. ಮಕ್ಕಳಿಗೆ ಇದು ಬಲು ಇಷ್ಟ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದಿನವೂ ಬೆಳಿಗ್ಗೆ ಸಿಹಿ ಕೈಗೆ ಸಿಕ್ಕಮೇಲೆ ಕಾಯುವುದಕ್ಕೆ ಏನು ಉಳಿಯಿತು? ಅದೂ ಅಲ್ಲದೆ ಅದು ಸಾಮಾನ್ಯವಾಗಿ ಡಿಸೆಂಬರ್ 1ಕ್ಕೇ ಶುರು. ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಯಾವತ್ತಾದರೂ ಬರಬಹುದು. ಬೆಂಕಿಪೊಟ್ಟಣಗಳನ್ನು ಅಂಟಿಸಿ ಮನೆಯಲ್ಲೇ ಮಾಡಿ, ಒಳಗೆ "ಇವತ್ತು ಅಜ್ಜಿಗೆ ಫೋನ್ ಮಾಡು" ಎಂಬಂಥ ಚೀಟಿ ಇಟ್ಟರೆ ಪರವಾಗಿಲ್ಲ.

ಇಷಯನ ಮರ ಇದಕ್ಕೆ ತೀರ ಎದುರು. ದಾವೀದ ರಾಜನ ತಂದೆ ಇಷಯನ ಬುಡದಿಂದ ಚಿಗುರೊಡೆಯುವುದೆಂಬ ಪ್ರವಾದಿ ಯೆಶಾಯನ ಮಾತೇ ಇದಕ್ಕೆ ಆಧಾರ. ಕುಂಡದಲ್ಲಿ ಒಣ ಕೊಂಬೆ ನೆಟ್ಟು, ದಿನಕ್ಕೊಂದು ಬೈಬಲ್ ಕಥೆ ಓದಿ, ಅದರ ಗುರುತನ್ನು ಕೊಂಬೆಗೆ ತೂಗುಹಾಕಬೇಕು: ನೋಹನ ನಾವೆ, ಅಬ್ರಹಾಮನ ನಕ್ಷತ್ರ, ರೂತಳ ತೆನೆ, ದಾವೀದನ ಕಿನ್ನರಿ. ಯೇಸು ಹುಟ್ಟಿದ್ದು ಎಷ್ಟು ಉದ್ದದ ಕಥೆಯ ತುದಿಯಲ್ಲಿ ಎಂಬುದು ಮಕ್ಕಳಿಗೆ ಹೊಳೆಯುವುದು ಇಲ್ಲಿಯೇ. ಕೆಲಸ ಮಾತ್ರ ವಿಪರೀತ. ಗುರುತುಗಳನ್ನು ಮೊದಲೇ ಕತ್ತರಿಸಿ ಇಟ್ಟುಕೊಳ್ಳದಿದ್ದರೆ, ಆಫೀಸಿನಿಂದ ಬಂದು ರಾತ್ರಿ ಎಂಟಕ್ಕೆ ಕತ್ತರಿ, ಗೋಂದು ಹಿಡಿದು ಕೂರುವುದು ಯಾರಿಗೂ ಆಗುವುದಿಲ್ಲ. ಏಳೆಂಟು ವರ್ಷದ ಮಕ್ಕಳಿರುವ ಮನೆಗೆ ಒಪ್ಪುತ್ತದೆ. ಹರೆಯದವರು ಹತ್ತಿರ ಸುಳಿಯುವುದಿಲ್ಲ.

ಬೈಬಲಿನ ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ, ಡಿಸೆಂಬರ್ 1ರಿಂದ ದಿನಕ್ಕೊಂದು ಓದಿ ಎಂಬ ಸಲಹೆಯೂ ಚಾಲ್ತಿಯಲ್ಲಿದೆ. ಲೆಕ್ಕ ಚೆನ್ನಾಗಿದೆ, ಕ್ರಮ ಸರಿಯಿಲ್ಲ. ಎರಡನೆಯ ದಿನಕ್ಕೇ ಬಾಲಯೇಸು ಹುಟ್ಟಿ, 23ನೇ ತಾರೀಕು ಶಿಲುಬೆಗೇರುತ್ತಾರೆ. ಅದರ ಬದಲು ಚರ್ಚಿನ ಪೂಜೆಯಲ್ಲಿ ಓದುವ ಅಂದಂದಿನ ವಾಚನವನ್ನೇ ಮನೆಯಲ್ಲೂ ಓದಿ. ಡಿಸೆಂಬರ್ 17ಕ್ಕೆ ಮತ್ತಾಯನ ಸುವಾರ್ತೆಯಲ್ಲಿರುವ ಯೇಸುವಿನ ವಂಶಾವಳಿ, 20ಕ್ಕೆ ದೇವದೂತ ಮರಿಯಳಿಗೆ ಸಂದೇಶ ತರುವುದು, 21ಕ್ಕೆ ಅವಳು ತನ್ನ ಬಂಧು ಎಲಿಜಬೇತಳ ಮನೆಗೆ ಹೋಗುವುದು. ಕಥೆ ತಾನಾಗಿಯೇ ಹಬ್ಬದ ಹೊಸ್ತಿಲಿಗೆ ಬಂದು ನಿಲ್ಲುತ್ತದೆ.

ಈಗ ನನಗೆ ಅತ್ಯಂತ ಪ್ರಿಯವಾದವು. ಆಡ್ವೆಂಟ್ ರೀತ್ ಎಂದರೆ ಹಸಿರು ಸೊಪ್ಪಿನ ಬಳೆಯಲ್ಲಿ ನಾಲ್ಕು ಮೇಣದಬತ್ತಿ, ವಾರವಾರಕ್ಕೂ ಒಂದೊಂದು ಹೆಚ್ಚಿಗೆ ಹಚ್ಚುವುದು. ಇದು ಮೊದಲು ಹುಟ್ಟಿದ್ದೇ ಮಕ್ಕಳಿಗಾಗಿ. 1839ರಲ್ಲಿ ಹ್ಯಾಂಬರ್ಗಿನ ಬಡಮಕ್ಕಳ ಆಶ್ರಯಮನೆಯಲ್ಲಿ ಪಾದ್ರಿ ಯೋಹಾನ್ ಹಿನ್ರಿಶ್ ವಿಖರ್ನ್ ಗಾಡಿಚಕ್ರವೊಂದರ ಮೇಲೆ ಭಾನುವಾರಕ್ಕೆ ದೊಡ್ಡ ಮೇಣದಬತ್ತಿ, ಉಳಿದ ದಿನಗಳಿಗೆ ಚಿಕ್ಕವು ಎಂದು ಹಚ್ಚಿಸುತ್ತಿದ್ದರು. ನಮ್ಮಲ್ಲಿ ಸರ್ವೆ ಮರದ ಸೊಪ್ಪನ್ನು ಬಳೆಯಾಗಿ ಸುತ್ತಿ, ಅಗಲವಾದ ಹಿತ್ತಾಳೆ ತಟ್ಟೆಯಲ್ಲಿಟ್ಟು, ನಡುವೆ ಮೂರು ನೇರಳೆ, ಒಂದು ಗುಲಾಬಿ ಬತ್ತಿ ನಿಲ್ಲಿಸುತ್ತೇವೆ. ನೇರಳೆ ಸಿಗದಿದ್ದರೆ ಬಿಳಿ ಬತ್ತಿಯ ಬುಡಕ್ಕೆ ನೇರಳೆ ರಿಬ್ಬನ್ ಸಾಕು, ಜ್ವಾಲೆಯಿಂದ ದೂರವಿರಲಿ ಅಷ್ಟೆ. ಸರ್ವೆ ಸೊಪ್ಪು ವಾರದೊಳಗೆ ಒಣಗಿ ಬೆಂಕಿಗೆ ಹೇಳಿ ಮಾಡಿಸಿದಂತಾಗುತ್ತದೆ, ಆದ್ದರಿಂದ ಪ್ರತಿ ಶನಿವಾರ ಹೊಸದು ಹಾಕಲೇಬೇಕು. ಸಂಜೆ ಜಪಸರದ ಪ್ರಾರ್ಥನೆಗೆ ಮುಂಚೆ ಕರೆಂಟ್ ಆರಿಸಿ ಬತ್ತಿ ಹಚ್ಚಿದರೆ ಹತ್ತು ನಿಮಿಷದ ಕೆಲಸ. ನಾಲ್ಕನೇ ವಾರಕ್ಕೆ ಮೊದಲ ಬತ್ತಿ ಮೊಟಕಾಗಿ, ಉಳಿದವು ಮೆಟ್ಟಿಲು ಮೆಟ್ಟಿಲಾಗಿ ನಿಂತಿರುತ್ತವೆ. ಎಷ್ಟು ಕಾದೆವು ಎಂಬುದು ಕಣ್ಣಿಗೇ ಕಾಣುತ್ತದೆ. ಹರೆಯದವರೂ ಇದಕ್ಕೆ ಬಂದು ಕೂರುತ್ತಾರೆ. ಖರ್ಚು, ಶ್ರಮ, ಫಲ ಮೂರರಲ್ಲೂ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ.

ಇದರ ಜೊತೆಗೆ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಹಸಿರಾಗಿ ರಾಗಿ ಪೈರು. ದುಡ್ಡು ಕೊಟ್ಟು ತಂದ ಪ್ಲಾಸ್ಟಿಕ್ ಹುಲ್ಲಿನ ಗೋದಲಿ ಅರ್ಧ ಗಂಟೆಯಲ್ಲಿ ಸಿದ್ಧವಾಗುತ್ತದೆ, ಮಕ್ಕಳು ಅದನ್ನು ಅಷ್ಟೇ ಬೇಗ ಮರೆಯುತ್ತಾರೆ. ರಾಗಿಯನ್ನು ಅವಸರ ಮಾಡಿಸಲು ಬರುವುದಿಲ್ಲ. ಹಂಗೇರಿ, ಕ್ರೊಯೇಷಿಯಾಗಳಲ್ಲಿ ಸಂತ ಲೂಸಿಯಾರ ದಿನ, ಡಿಸೆಂಬರ್ 13ಕ್ಕೆ, ಕ್ರಿಸ್‌ಮಸ್‌ಗೆಂದು ಗೋಧಿ ಬಿತ್ತುತ್ತಾರೆ. ನಮ್ಮ ರಾಗಿಗೂ ಆ ದಿನ ಹೊಂದುತ್ತದೆ. ಒಳ್ಳೆಯ ಕಾರ್ಯಕ್ಕೊಂದು ಹುಲ್ಲುಕಡ್ಡಿ ಕೊಟ್ಟು ಯೇಸುವಿನ ತೊಟ್ಟಿಲು ತುಂಬಿಸುವ ಪದ್ಧತಿಯೂ ಇದೆ. ಅಣ್ಣತಂಗಿಯರ ನಡುವೆ ಅದು "ನಿಂದೆಷ್ಟು, ನಂದೆಷ್ಟು" ಲೆಕ್ಕಕ್ಕೆ ತಿರುಗುವುದರಿಂದ ನನಗೆ ಅಷ್ಟಾಗಿ ಹಿಡಿಸಲಿಲ್ಲ.

ರಾಗಿಗೆ ಬೇಕಾದ್ದು ಇಷ್ಟೇ: ರಾತ್ರಿಯಿಡೀ ನೆನೆಸಿದ ರಾಗಿ, ತೂತಿರುವ ಅಗಲ ತಟ್ಟೆಯಲ್ಲಿ ಎರಡು ಬೆರಳು ಮಣ್ಣು, ಮೇಲೆ ತೆಳ್ಳಗೆ ಇನ್ನಷ್ಟು ಮಣ್ಣು. ನೀರು ಸುರಿಯಬೇಡಿ, ಬೀಜವೆಲ್ಲ ಒಂದೇ ಮೂಲೆಗೆ ಹೋಗುತ್ತದೆ. ಮಕ್ಕಳ ಕೈಯಿಂದ ಚಿಮುಕಿಸಿ. ಮೊಳಕೆ ಬಂದ ಕೂಡಲೇ ಬಿಸಿಲು ಬೀಳುವ ಕಿಟಕಿಗೆ ಇಡಿ, ಇಲ್ಲದಿದ್ದರೆ ಪೈರು ಬಿಳಿಚಿಕೊಂಡು ಬಾಗುತ್ತದೆ.