ಹಳೆಯ ದೋಣಿ ಎಂಜಿನ್‌ಗೆ ಪವರ್ ಟಿಲ್ಟ್ ಹಾಕಿಸುವ ಮುನ್ನ: ಮಾರಿಕಣಿವೆಯ ನಡುನೀರಿನಲ್ಲಿ ನಮಗಾದದ್ದು

ದೋಣಿಯ ಹಿಂಬದಿಗೆ ತಗುಲಿಸುವ ಹಳೆಯ ಔಟ್‌ಬೋರ್ಡ್ ಎಂಜಿನ್‌ಗೆ ಪವರ್ ಟಿಲ್ಟ್ (ಸ್ವಿಚ್ ಒತ್ತಿದರೆ ಎಂಜಿನ್ನನ್ನು ನೀರಿನಿಂದ ಮೇಲೆತ್ತುವ, ಇಳಿಸುವ ಮೋಟಾರು) ವೈರಿಂಗ್ ಮಾಡಿಸಬೇಕೆಂದು ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಎಲೆಕ್ಟ್ರಿಷಿಯನ್ ಬಳಿ ಹೋಗಿ. ಬ್ಯಾಟರಿಯಿಂದ ಹೊರಡುವ ತಂತಿ ತೆಳುವಾಗಿದ್ದು ಅದರ ಬುಡದಲ್ಲಿ ಫ್ಯೂಸ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ವಾಣಿವಿಲಾಸ ಸಾಗರದ, ಅಂದರೆ ನಮ್ಮ ಮಾರಿಕಣಿವೆ ಜಲಾಶಯದ, ನಡುವೆ, 25 ಲೀಟರ್ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ನಿಂತು ನೋಡಿದ್ದೇನೆ.

ನಮ್ಮದು ಹಿರಿಯೂರು ತಾಲ್ಲೂಕು, ಕಸುಬು ಮೀನಿನದು. ನೀರು ಕಡಿಮೆಯಿದ್ದ ವರ್ಷಗಳಲ್ಲಿ ಹರಿಗೋಲೇ ಸಾಕಾಗುತ್ತಿತ್ತು. 1933ರ ನಂತರ ಕೋಡಿ ಕಾಣದ ಮಾರಿಕಣಿವೆ 2022ರಲ್ಲಿ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ 130 ಅಡಿ ಮುಟ್ಟಿತು. ಬಲೆ ಬಿಡುವ ಜಾಗ ದೂರವಾಯಿತು. ಅದಕ್ಕಾಗಿ ಮಲ್ಪೆ ಕಡೆಯಿಂದ 40 ಅಶ್ವಶಕ್ತಿಯ ಹಳೆಯ ಎಂಜಿನ್ ಒಂದನ್ನು ತಂದೆವು. ಆದರೆ ವರ್ಷಗಟ್ಟಲೆ ಒಣಗಿದ್ದ ಅಂಚಿನ ನೆಲದಲ್ಲಿ ಬೆಳೆದ ಬಳ್ಳಾರಿ ಜಾಲಿಯೆಲ್ಲ ಈಗ ನೀರಿನೊಳಗಿದೆ. ದಡಕ್ಕೆ ಬರುವಾಗ ಎಂಜಿನ್ ಎತ್ತದಿದ್ದರೆ ಪ್ರೊಪೆಲ್ಲರ್ ಕೊಂಬೆಗೆ ಸಿಕ್ಕಿ ಮುರಿಯುತ್ತದೆ. ಕೈಯಲ್ಲಿ ಎತ್ತೀ ಎತ್ತೀ ಬೆನ್ನು ಹೋಯಿತು. ಎಂಜಿನ್‌ನಲ್ಲಿ ಅದನ್ನು ಎತ್ತಿಳಿಸುವ ಟಿಲ್ಟ್ ಮೋಟಾರು, ಎಣ್ಣೆ ಪಂಪು, ಸಿಲಿಂಡರ್ ಎಲ್ಲವೂ ಇದ್ದವು. ವೈರಿಂಗ್ ಮಾತ್ರ ಯಾರೋ ಕತ್ತರಿಸಿ ಹಾಕಿದ್ದರು.

ಕೆಲಸ ವಹಿಸಿದ್ದು ಲಾರಿ ವೈರಿಂಗ್ ಮಾಡುವವರೊಬ್ಬರಿಗೆ. ಹೆದ್ದಾರಿಯ ಊರು, ಕೈ ಪಳಗಿದ ಮನುಷ್ಯ, ಮೋಸಗಾರರಲ್ಲ. ದೋಣಿಯ ಕೆಲಸ ಅವರಿಗೆ ಹೊಸದು ಎಂಬುದನ್ನು ನಾನು ಯೋಚಿಸಬೇಕಿತ್ತು. ಅಂಗಡಿಯಲ್ಲಿದ್ದ 2.5 ಚದರ ಮಿಲಿಮೀಟರ್ ತಂತಿಯನ್ನೇ ಎಳೆದರು, ಹೆಡ್‌ಲೈಟಿಗೆ ಹಾಕುವ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ, ನಿಲ್ಲಿಸುವ ಸ್ವಿಚ್) ಕೂರಿಸಿದರು. ಎಂಜಿನ್ ಎರಡು ಸಲ ಮೇಲೇರಿತು, ಎರಡು ಸಲ ಇಳಿಯಿತು. ‘ಫ್ಯೂಸ್ ಬೇಡವೇ?’ ಎಂದು ಕೇಳಿದೆ. ‘ಮೋಟಾರು ಹತ್ತು ಸೆಕೆಂಡು ಓಡುತ್ತದೆ ಅಷ್ಟೇ ಸಾರ್, ಏನೂ ಆಗುವುದಿಲ್ಲ’ ಎಂದರು. ನಾನು ಒಪ್ಪಿಕೊಂಡು ದುಡ್ಡು ಕೊಟ್ಟು ಬಂದೆ.

ನಾಲ್ಕನೆಯ ವಾರ ಒಂದು ಸದ್ದು ಶುರುವಾಯಿತು. ಸ್ವಿಚ್ ಒತ್ತಿದೊಡನೆ ರಿಲೇ ‘ಟಕ್’ ಎಂದು ಒಮ್ಮೆ ಹಿಡಿದುಕೊಳ್ಳಬೇಕು. ಅದು ‘ಟಕಟಕಟಕ’ ಎಂದು ನಡುಗಿ ಆಮೇಲೆ ಹಿಡಿಯುತ್ತಿತ್ತು. ಹಳೆಯ ಎಂಜಿನ್, ಇರಲಿ ಎಂದು ಬಿಟ್ಟೆ. ಇದನ್ನು ಓದುತ್ತಿರುವವರ ದೋಣಿಯಲ್ಲಿ ಆ ಸದ್ದು ಕೇಳಿಸುತ್ತಿದ್ದರೆ, ಇವತ್ತೇ ಬ್ಯಾಟರಿಯ ತಂತಿ ಬಿಚ್ಚಿಡಿ.

ಅಂದು ಸಂಜೆ ಬಲೆ ಎತ್ತಿಕೊಂಡು ಬರುತ್ತಿದ್ದೆವು. ಚುಕ್ಕಾಣಿ ಹಿಡಿದಿದ್ದವನು ಅಣ್ಣನ ಮಗ. ಮುಳುಗಿದ ಜಾಲಿಯ ತುದಿ ಕಂಡು ಎಂಜಿನ್ ಎತ್ತಲು ಸ್ವಿಚ್ ಒತ್ತಿದ. ರಿಲೇ ನಡುಗಿತು, ಎಂಜಿನ್ ಏರತೊಡಗಿತು. ‘ಚಿಕ್ಕಪ್ಪಾ, ಕೈ ಬಿಟ್ಟರೂ ಏರುತ್ತಲೇ ಇದೆ’ ಎಂದು ಕೂಗಿದ. ಪ್ರೊಪೆಲ್ಲರ್ ನೀರಿನಿಂದ ಹೊರಗೆ ಬಂದು ಅರಚಿತು. ಅವನು ಎಂಜಿನ್ ಆರಿಸಿದ. ಟಿಲ್ಟ್ ಮೋಟಾರು ಮಾತ್ರ ನಿಲ್ಲಲಿಲ್ಲ. ಪೂರ್ತಿ ಮೇಲೆ ಹೋಗಿ ತಡೆಗೆ ತಾಗಿದ ಮೇಲೂ ನರಳುತ್ತಲೇ ಇತ್ತು. ಸೀಟಿನ ಕೆಳಗಿನಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಬಗ್ಗಿ ನೋಡಿದರೆ ತಂತಿಗೆ ಸುತ್ತಿದ್ದ ಕಪ್ಪು ಟೇಪು ಬೆಲ್ಲದ ಪಾಕದಂತೆ ತೊಟ್ಟಿಕ್ಕುತ್ತಿತ್ತು. ಮರುಕ್ಷಣ, ಎಂಜಿನ್ ಕೂರಿಸುವ ಬ್ರಾಕೆಟ್ಟಿನ ಅಂಚಿಗೆ ತಂತಿ ಒರಗಿದ್ದ ಕಡೆ ಕಿಡಿ ಹಾರಿ ಹೊತ್ತಿಕೊಂಡಿತು. ಪೆಟ್ರೋಲ್ ಪೈಪಿಗೂ ಆ ಬೆಂಕಿಗೂ ನಡುವೆ ಒಂದು ಗೇಣೂ ಇರಲಿಲ್ಲ.

ಬ್ಯಾಟರಿಯ ಕ್ಲ್ಯಾಂಪ್ ಬಿಚ್ಚಲು ಸ್ಪ್ಯಾನರ್ ಹುಡುಕುವಷ್ಟು ಹೊತ್ತು ಎಲ್ಲಿತ್ತು? ಹುಡುಗ ಬರಿಗೈಯಲ್ಲಿ ನೆಗೆಟಿವ್ ಕ್ಲ್ಯಾಂಪನ್ನು ತಿರುಚಿ ತಿರುಚಿ ಕಿತ್ತ. ಮೀನಿನ ಮೇಲೆ ಹೊದಿಸಿದ್ದ ಹಸಿ ಗೋಣಿಚೀಲವನ್ನು ನಾನು ಬೆಂಕಿಯ ಮೇಲೆ ಒತ್ತಿ ಹಿಡಿದೆ. ಆರಿತು. ಅವನ ಬಲಗೈಯ ಎರಡು ಬೆರಳಿನ ಚರ್ಮ ಕ್ಲ್ಯಾಂಪಿಗೇ ಅಂಟಿಕೊಂಡಿತ್ತು. ಎಂಜಿನ್ ಆಕಾಶಕ್ಕೆ ಮುಖ ಮಾಡಿ ನಿಂತಿದ್ದರಿಂದ ಕತ್ತಲಲ್ಲಿ ಎರಡು ತಾಸು ಹುಟ್ಟು ಹಾಕಿಕೊಂಡು ದಡ ಸೇರಿದೆವು. ಇಂಥ ಎಂಜಿನ್‌ಗಳ ಬ್ರಾಕೆಟ್ಟಿನ ಬದಿಯಲ್ಲಿ ಕೈಯಿಂದ ಇಳಿಸಲೆಂದೇ ಒಂದು ಸ್ಕ್ರೂ ಇರುತ್ತದೆ, ಅದನ್ನು ಸಡಿಲಿಸಿದರೆ ಕರೆಂಟ್ ಇಲ್ಲದೆಯೂ ಎಂಜಿನ್ ಇಳಿಯುತ್ತದೆ ಎಂಬುದು ನಮಗೆ ಆಮೇಲೆ ಗೊತ್ತಾಯಿತು. ಅದನ್ನು ಪೂರ್ತಿ ಬಿಚ್ಚಬಾರದು, ಒಳಗಿನ ಎಣ್ಣೆ ಒತ್ತಡದಿಂದ ಚಿಮ್ಮುತ್ತದೆ. ಇಳಿಸುವಾಗ ಕೆಳಗೆ ಯಾರ ಕೈಕಾಲೂ ಇರಬಾರದು.

ಎಂಜಿನ್ ಕೊಟ್ಟವರ ಕಡೆಯ ಮೆಕ್ಯಾನಿಕ್ ಬಂದು ಎಲ್ಲವನ್ನೂ ಬಿಚ್ಚಿ ತೋರಿಸಿದರು. ಅವರು ಕೇಳಿದ ಮೊದಲ ಮಾತು, ‘ಫ್ಯೂಸ್ ಎಲ್ಲಿ?’ ನನ್ನಲ್ಲಿ ಉತ್ತರವಿರಲಿಲ್ಲ.

ಅವರು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದ್ದನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ. ನಮ್ಮ ಬ್ಯಾಟರಿ ದೋಣಿಯ ಮೂತಿಯ ಕಡೆ ಇತ್ತು. ಅಲ್ಲಿಂದ ಎಂಜಿನ್‌ಗೆ 4 ಮೀಟರ್. ಹೋಗುವುದು ಬರುವುದು ಸೇರಿ 8 ಮೀಟರ್ ತಂತಿ. ಭಾರ ಎತ್ತುವಾಗ ಮೋಟಾರು 40 ಆಂಪಿಯರ್ ಎಳೆದರೆ 2.5ರ ತಂತಿಯಲ್ಲೇ ಸುಮಾರು 2.4 ವೋಲ್ಟ್ ಕಳೆದುಹೋಗುತ್ತದೆ. ಹೀಗೆ ಕಳೆದದ್ದೆಲ್ಲ ಶಾಖ. ಅದೇ 10 ಚದರ ಮಿಲಿಮೀಟರ್ ತಂತಿಯಾದರೆ ಕಳೆಯುವುದು 0.6 ವೋಲ್ಟ್ ಅಷ್ಟೇ. ಮೋಟಾರು ತಿರುಗಲು ಶುರುಮಾಡುವ ಕ್ಷಣದಲ್ಲಿ ಎಳೆತ ಇನ್ನೂ ಹೆಚ್ಚು. ರಿಲೇಯ ಸುರುಳಿಗೂ ಅದೇ ತೆಳು ತಂತಿಯ ತುದಿಯಿಂದಲೇ ಕರೆಂಟ್ ಕೊಟ್ಟಿದ್ದರು. ವೋಲ್ಟೇಜ್ ಕುಸಿದೊಡನೆ ರಿಲೇ ಬಿಟ್ಟುಬಿಡುತ್ತದೆ, ಬಿಟ್ಟೊಡನೆ ವೋಲ್ಟೇಜ್ ಏರುತ್ತದೆ, ಮತ್ತೆ ಹಿಡಿಯುತ್ತದೆ. ‘ಟಕಟಕ’ ಎಂದರೆ ಇದೇ. ಪ್ರತಿ ಸಲವೂ ಒಳಗೆ ಕಿಡಿ ಹಾರಿ, ಕೊನೆಗೊಂದು ದಿನ ಕರೆಂಟ್ ದಾಟಿಸುವ ಲೋಹದ ಕಾಂಟ್ಯಾಕ್ಟುಗಳು ಬೆಸೆದುಕೊಂಡವು. ಸ್ವಿಚ್ ಬಿಟ್ಟರೂ ಮೋಟಾರು ನಿಲ್ಲದಿದ್ದುದು ಅದಕ್ಕೆ. ಬಿಸಿಗೆ ಮೆತ್ತಗಾದ ತಂತಿಯ ಹೊದಿಕೆಯನ್ನು ಬ್ರಾಕೆಟ್ಟಿನ ಅಂಚು ಕೊಯ್ಯಿತು, ಪ್ಲಸ್ ತಂತಿ ಲೋಹಕ್ಕೆ ತಾಗಿತು. ಬುಡದಲ್ಲಿ ಫ್ಯೂಸ್ ಇದ್ದಿದ್ದರೆ ಆ ಕ್ಷಣದಲ್ಲೇ ಹಾರಿಹೋಗುತ್ತಿತ್ತು, ಹುಡುಗನ ಕೈ ಉಳಿಯುತ್ತಿತ್ತು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ನೋಯಿಸಿತು. ಪಂಪಿನ ಎಣ್ಣೆ ತೆಗೆದರೆ ಮಜ್ಜಿಗೆಯ ಬಣ್ಣ. ನೀರು ಸೇರಿ ಎಷ್ಟು ಕಾಲವಾಗಿತ್ತೋ! ಮೋಟಾರಿನ ಬ್ರಷ್‌ಗಳೂ ಸವೆದಿದ್ದವು. ವೈರಿಂಗಿಗೆ ಮೊದಲು ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿಯಲ್ಲಿ ಕರೆಂಟ್ ಕೊಟ್ಟು, ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರಿನಲ್ಲಿ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ನೋಡಿದ್ದರೆ ಎಲ್ಲವೂ ಅಲ್ಲೇ ಬಯಲಾಗುತ್ತಿತ್ತು. ಹತ್ತು ನಿಮಿಷದ ಕೆಲಸ.

ತಂತಿಗಳ ವಿಚಾರದಲ್ಲೂ ಎಚ್ಚರ ಬೇಕು. ನಮ್ಮ ಮೋಟಾರಿನಿಂದ ಬರುವುದು ಎರಡೇ ತಂತಿ, ನೀಲಿ ಮತ್ತು ಹಸಿರು. ನೀಲಿಗೆ ಪ್ಲಸ್ ಕೊಟ್ಟರೆ ಏರುತ್ತದೆ, ಹಸಿರಿಗೆ ಕೊಟ್ಟರೆ ಇಳಿಯುತ್ತದೆ, ಆಗ ಇನ್ನೊಂದು ತಂತಿ ನೆಗೆಟಿವ್‌ನಲ್ಲಿರಬೇಕು. ಸ್ವಿಚ್ ಒತ್ತದಿದ್ದಾಗ ಎರಡೂ ನೆಗೆಟಿವ್‌ಗೆ ಸೇರಿರಬೇಕು. ಅಂದರೆ ಪ್ರತಿ ರಿಲೇಯ 30 ಎಂಬ ಅಂಕಿಯಿರುವ ಕಾಲಿಗೆ ಮೋಟಾರಿನ ಒಂದು ತಂತಿ, 87ಕ್ಕೆ ಫ್ಯೂಸ್ ದಾಟಿ ಬಂದ ಪ್ಲಸ್, 87ಎಗೆ ನೆಗೆಟಿವ್. ನಮ್ಮಲ್ಲಿ 87 ಮತ್ತು 87ಎ ಅದಲುಬದಲಾಗಿದ್ದವು. ಹಾಗಿದ್ದರೂ ಎಂಜಿನ್ ಏರುತ್ತದೆ, ಇಳಿಯುತ್ತದೆ. ಆದ್ದರಿಂದಲೇ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ದೋಣಿ ದಡದಲ್ಲಿ ನಿದ್ದೆ ಹೋಗಿರುವಾಗಲೂ ಎರಡೂ ತಂತಿಗಳಲ್ಲಿ ಹಗಲಿರುಳು ಪ್ಲಸ್ ಕುಳಿತಿರುತ್ತದೆ, ಒದ್ದೆಯಲ್ಲಿ. ಕೆಲವು ಹಳೆಯ ಮೋಟಾರುಗಳಿಗೆ ಮೂರು ತಂತಿ ಇರುತ್ತವೆ. ಅವುಗಳ ಲೆಕ್ಕವೇ ಬೇರೆ, ಒಂದರ ನಕ್ಷೆ ಇನ್ನೊಂದಕ್ಕೆ ಹೊಂದುವುದಿಲ್ಲ. ಎಷ್ಟು ತಂತಿ ಎಂದು ಎಣಿಸದೆ ಕೆಲಸ ಶುರುಮಾಡುವವರಿಗೆ ಎಂಜಿನ್ ಮುಟ್ಟಲು ಬಿಡಬೇಡಿ.

ಈಗ ಬ್ಯಾಟರಿಯನ್ನು ಹಿಂದಕ್ಕೆ ತಂದಿದ್ದೇವೆ. ತವರದ ಲೇಪವಿರುವ 10ರ ತಂತಿ ಹಾಕಿದ್ದೇವೆ. ಬರೀ ತಾಮ್ರ ಒದ್ದೆಯಲ್ಲಿ ಹಸಿರುಗಟ್ಟುತ್ತದೆ. ಅಮೆರಿಕದ ದೋಣಿ ಮಾನದಂಡ ಫ್ಯೂಸನ್ನು ಬ್ಯಾಟರಿಯಿಂದ 7 ಇಂಚಿನೊಳಗೆ ಇಡಬೇಕೆಂದು ಹೇಳುತ್ತದೆಯಂತೆ. ನಾವೂ ಅಷ್ಟರೊಳಗೇ ಇಟ್ಟಿದ್ದೇವೆ. ಪಕ್ಕದಲ್ಲೇ ಕೈಯಿಂದ ತಿರುಗಿಸುವ ಮೇನ್ ಸ್ವಿಚ್ ಇದೆ. ತಂತಿ ಬ್ರಾಕೆಟ್ ದಾಟುವ ಕಡೆಯೆಲ್ಲ ರಬ್ಬರ್ ಬುಷ್ ಹಾಕಿಸಿದ್ದೇವೆ. ಮೊದಲ ಸಲ ಉಳಿಸಿದ ದುಡ್ಡು ಒಂದೂವರೆ ಸಾವಿರವೂ ಇರಲಿಕ್ಕಿಲ್ಲ.

ಹುಡುಗನ ಬೆರಳು ಮಾಗಿವೆ, ಆದರೆ ಬಲೆಯ ನೂಲು ಎಳೆಯುವಾಗ ಈಗಲೂ ಉರಿಯುತ್ತವೆ ಎನ್ನುತ್ತಾನೆ. ಬೆಸೆದುಹೋದ ರಿಲೇ, ಕರಗಿದ ತಂತಿಯ ತುಂಡು ಎರಡನ್ನೂ ಎಸೆಯದೆ ಇಟ್ಟುಕೊಂಡಿದ್ದೇನೆ. ವಾಣಿವಿಲಾಸಪುರದ ಕಡೆ ಬಂದು ಕೇಳಿದರೆ ಯಾರಿಗೆ ಬೇಕಾದರೂ ತೋರಿಸುತ್ತೇನೆ.